ಪೈಪು, ಕರೆಂಟ್ ಕೇಬಲ್ಲು ಒಂದೇ ಟ್ರೆಂಚಲ್ಲಿ ಹಾಕ್ಬಹುದಾ?

ಪ್ರಶ್ನೆ: ಹಿತ್ತಲಲ್ಲಿ ಮೀನು, ತಾವರೆ ಬಿಡೋಕೆ ಸಣ್ಣ ಕೊಳ ಮಾಡಿಸ್ತಿದೀವಿ, ಮನೆಯಿಂದ 60 ಅಡಿ ದೂರ. ನೀರಿನ ಪೈಪಿಗೆ, ಪಂಪಿನ ಕರೆಂಟಿಗೆ ಬೇರೆ ಬೇರೆ ಅಗೆಸ್ಬೇಕಾ?

ಬೇಡ, ಒಂದೇ ಟ್ರೆಂಚ್ ಸಾಕು, ಆದ್ರೆ ಎರಡನ್ನೂ ಒಂದೇ ಮಟ್ಟದಲ್ಲಿ ಒತ್ತೊತ್ತಾಗಿ ಮಲಗಿಸ್ಬೇಡಿ. ಕೇಬಲ್ ತಳದಲ್ಲಿ, ಎರಡೂವರೆ ಅಡಿ ಆಳಕ್ಕೆ. ಪೈಪು ಅದಕ್ಕಿಂತ ಒಂದಡಿ ಮೇಲೆ, ಇನ್ನೊಂದು ಬದಿಗೆ ಮೆಟ್ಟಿಲು ಥರ ಬಿಟ್ಟು. ಯಾಕಂದ್ರೆ ಮುಂದೆ ಲೀಕ್ ಆಗಿ ರಿಪೇರಿಗೆ ಬರೋದು ಹೆಚ್ಚಾಗಿ ಪೈಪೇ, ಅವತ್ತು ಅಗೆಯೋರ ಗುದ್ದಲಿಗೆ ಮೊದಲು ಪೈಪು ಸಿಗ್ಬೇಕು, ಕೇಬಲ್ ಸಿಗಬಾರದು.

ಇದನ್ನ ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ. ನಮ್ಮ ಹಿತ್ತಲಲ್ಲಿ ಮೊದಲು ಮಾಮೂಲಿ ಮನೆ ವೈರನ್ನೇ ಪಿವಿಸಿ ಪೈಪಲ್ಲಿ ತೂರಿಸಿ ಅರ್ಧ ಅಡಿ ಆಳಕ್ಕೆ ಮುಚ್ಚಿದ್ರು, ಎರಡು ವರ್ಷ ಆದ್ಮೇಲೆ ಬಾಳೆ ಕಂದು ನೆಡೋಕೆ ಅಗೆದಾಗ ಗುದ್ದಲಿ ಸೀದಾ ಅದರ ಮೇಲೇ ಬಿತ್ತು. ಆರ್‌ಸಿಸಿಬಿ (ಕರೆಂಟ್ ಸ್ವಲ್ಪ ಸೋರಿದ್ರೂ ಲೈನ್ ಕಟ್ ಮಾಡೋ ಸ್ವಿಚ್ಚು) ಟಕ್ ಅಂತ ಟ್ರಿಪ್ ಆಯ್ತು, ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಅವತ್ತಿನ ಭಯ ಇನ್ನೂ ಹೋಗಿಲ್ಲ.

ಅದಕ್ಕೇ ಮೂರು ಕೋರಿನ (ಒಳಗೆ ಮೂರು ವೈರಿರೋ) ಆರ್ಮರ್ಡ್ ಕೇಬಲ್ಲೇ ತನ್ನಿ. ಒಳಗಿನ ಉಕ್ಕಿನ ತಂತಿ ಹೊದಿಕೆ ಹೆಗ್ಗಣದ ಹಲ್ಲಿಗೂ ತಡೆ, ಮತ್ತೆ ಅದನ್ನ ಅರ್ಥಿಂಗಿಗೆ ಸರಿಯಾಗಿ ಸೇರಿಸಿದ್ರೆ ಹಾರೆ ತೂರಿದ್ರೂ ಕರೆಂಟ್ ಅರ್ಥಿಗೆ ಹೋಗಿ ಲೈನ್ ಟ್ರಿಪ್ ಆಗುತ್ತೆ. ಕೇಬಲ್ ಕೆಳಗೂ ಮೇಲೂ ಮರಳು, ಅದರ ಮೇಲೆ ಸಾಲಾಗಿ ಇಟ್ಟಿಗೆ, ಇನ್ನೂ ಮೇಲೆ ಎಚ್ಚರಿಕೆ ಟೇಪು. ಮಣ್ಣೊಳಗೆ ಜಾಯಿಂಟ್ ಬೇಡವೇ ಬೇಡ, ಒಂದೇ ತುಂಡು ಮನೆಯಿಂದ ಕೊಳದ ಹತ್ರದ ಬಾಕ್ಸ್‌ವರೆಗೂ ಬರ್ಲಿ, ಬಾಕ್ಸು ನೆಲದಿಂದ ಮೇಲೆ, ನೀರು ಸಿಡಿಯದ ಜಾಗದಲ್ಲಿ ಇರ್ಲಿ.

ಈ ಲೈನಿಗೆ ಪ್ರತ್ಯೇಕವಾಗಿ 30 ಮಿಲಿಆಂಪಿನ ಆರ್‌ಸಿಸಿಬಿ ಬೇಕೇ ಬೇಕು. ಎಂಸಿಬಿ ಒಂದೇ ಸಾಲಲ್ಲ, ಅದು ಓವರ್‌ಲೋಡಿಗೆ, ಶಾರ್ಟಿಗೆ ಬೀಳುತ್ತೆ, ಮನುಷ್ಯನ ಮೈಯಲ್ಲಿ ಹರಿಯೋ ಅಷ್ಟು ಸಣ್ಣ ಕರೆಂಟಿಗೆ ಬೀಳಲ್ಲ. ಪಂಪನ್ನ ಯುಪಿಎಸ್ ಲೈನಿಗೆ ಕೊಡ್ತಿದ್ರೆ ಇನ್ನೂ ಜೋಪಾನ, ಕರೆಂಟ್ ಹೋಗಿ ಬ್ಯಾಟರೀಲಿ ಓಡುವಾಗ ಮೇನ್ ಬೋರ್ಡಿನ ಆರ್‌ಸಿಸಿಬಿ ಕಾಪಾಡಲ್ಲ, ಯುಪಿಎಸ್‌ನಿಂದ ಹೊರಡೋ ಲೈನಲ್ಲೇ ಒಂದು ಹಾಕಿಸ್ಬೇಕು. ಈ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ, ನೀರಿಗೆ ಕೈ ಹಾಕೋ ಮುಂಚೆ ಪ್ಲಗ್ ಕಿತ್ತೇ ಹಾಕಿ.

12 ವೋಲ್ಟ್ ಪಂಪ್ ಸೇಫ್ ಅಲ್ವಾ ಅಂತ ಕೇಳ್ತಾರೆ. ನೀರಲ್ಲಿ ಸೇಫ್ ನಿಜ, ಆದ್ರೆ ದೂರ ಕಾಡುತ್ತೆ. 36 ವ್ಯಾಟಿನ ಪಂಪು 3 ಆಂಪ್ ಎಳೆಯುತ್ತೆ, ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರಲ್ಲಿ 60 ಅಡಿ ಹೋಗಿ ಬರೋವಷ್ಟರಲ್ಲಿ ಒಂದೂಕಾಲು ವೋಲ್ಟಿಗಿಂತ ಜಾಸ್ತಿ ದಾರೀಲೇ ಹೋಯ್ತು, ಅದಕ್ಕೆ ದಪ್ಪ ವೈರ್ ಬೇಕು.

ನೀರಿನದು ಅಷ್ಟು ಕಷ್ಟ ಇಲ್ಲ. ಪೈಪಿನ ಬಾಯಿ ಕೊಳದ ನೀರಿಗೆ ಮುಳುಗದ ಹಾಗೆ ಮೇಲಿರ್ಲಿ, ಇಲ್ಲಾಂದ್ರೆ ಲೈನಲ್ಲಿ ಪ್ರೆಶರ್ ಬಿದ್ದಾಗ ಕೊಳದ ನೀರು ಮನೆ ಪೈಪಿಗೆ ವಾಪಸ್ ಎಳ್ಕೊಳ್ಳುತ್ತೆ. ಮುಚ್ಚೋ ಮುಂಚೆ ಒಂದು ರಾತ್ರಿ ಪೈಪಲ್ಲಿ ನೀರು ತುಂಬಿ ಪ್ರೆಶರಲ್ಲಿ ಬಿಟ್ಟು ಜಾಯಿಂಟ್ ನೋಡಿ. ಆಮೇಲೆ ಗೋಡೆಯಿಂದ ಟೇಪ್ ಹಿಡಿದು, ಅಳತೆ ಕಾಣೋ ಹಾಗೆ ತೆರೆದ ಟ್ರೆಂಚಿನ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿ, ಒಂದು ಪ್ರಿಂಟ್ ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ.