ರಕ್ತವಿಲ್ಲದ ಅರ್ಧ ಮಿಲಿಮೀಟರ್

ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾಯಿತೆಂದರೆ ಕಣ್ಣಿಗೆ ಪೆಟ್ಟು ಬೀಳುವುದೂ ಶುರು. ಹಣ್ಣು ಬಿಡಿಸಲು ಬಗ್ಗಿಸಿ ಹಿಡಿದ ರೆಂಬೆ ಕೈ ಜಾರಿ ಚಿಮ್ಮುತ್ತದೆ. ಕಣ್ಣುಜ್ಜಿಕೊಂಡು ಕೆಲಸ ಮುಂದುವರಿಸುವವರೇ ಜಾಸ್ತಿ. ಬಹಳ ಸಲ ಏನೂ ಆಗುವುದಿಲ್ಲ. ಆದರೆ ಗೀರಿದ ಜಾಗದಲ್ಲಿ ಗಿಡದ ಮೇಲಿನ ಫಂಗಸ್ ಸೇರಿಕೊಂಡರೆ ದೃಷ್ಟಿಗೇ ಕುತ್ತು. ಸೋಮವಾರಪೇಟೆ ಕಡೆಯ ನಮ್ಮ ಭಾವನಿಗೆ ಆದದ್ದು ಅದೇ.

ಕಣ್ಣಿನ ಕಪ್ಪು ಭಾಗದ ಮುಂದೆ ತೆಳ್ಳಗಿನ ಪದರವೊಂದಿದೆ. ಅದು ಕಾರ್ನಿಯಾ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಕಣ್ಣು ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಇದರದ್ದೇ. ಆರೋಗ್ಯವಾಗಿರುವ ಕಾರ್ನಿಯಾದಲ್ಲಿ ಒಂದೇ ಒಂದು ರಕ್ತನಾಳವೂ ಇರುವುದಿಲ್ಲ. ಹಾಗಾಗಿಯೇ ಬೆಳಕು ಸಲೀಸಾಗಿ ದಾಟುತ್ತದೆ. ಉಸಿರಿಗೆ ಬೇಕಾದ ಆಮ್ಲಜನಕವನ್ನು ಅದು ಕಣ್ಣೀರಿನ ಮೂಲಕ ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ. ಆಹಾರ ಬರುವುದು ಹೆಚ್ಚಾಗಿ ಕಣ್ಣೊಳಗಿನ ದ್ರವದಿಂದ. ನಮ್ಮ ದೇಹದಲ್ಲಿ ಇಷ್ಟು ಸೋಜಿಗದ ಏರ್ಪಾಡು ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ. ಭಾವ ಪಟ್ಟ ಕಷ್ಟ, ಆಮೇಲೆ ಸಿಕ್ಕ ಪರಿಹಾರ, ಎರಡರ ಹಿಂದೆಯೂ ಈ ರಕ್ತವಿಲ್ಲದ ಸಂಗತಿಯೇ ಇದೆ.

ಬೆರಳು ಕುಯ್ದುಕೊಂಡರೆ ರಕ್ತದ ಜೊತೆಗೇ ಬಿಳಿ ರಕ್ತಕಣಗಳು ಬಂದು ಸೋಂಕಿನ ಮೇಲೆ ಬೀಳುತ್ತವೆ. ಕಾರ್ನಿಯಾಕ್ಕೆ ಆ ಸಹಾಯ ಅಂಚಿನಿಂದ, ಕಣ್ಣೀರಿನಿಂದ ನಿಧಾನವಾಗಿ ತಲುಪಬೇಕು. ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಫಂಗಸ್‌ಗಳು ಮಣ್ಣಿನಲ್ಲೂ ಕೊಳೆತ ಎಲೆಯಲ್ಲೂ ಸದಾ ಇರುತ್ತವೆ. ಗೀರಿದ ಕಾರ್ನಿಯಾ ಸಿಕ್ಕರೆ ಅಲ್ಲೇ ಬೇರೂರುತ್ತವೆ. ಭಾವ ಮೊದಲು ನಂದಿಬಟ್ಟಲು ಹೂವಿನ ರಸ ಬಿಟ್ಟುಕೊಂಡರು. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತಂದರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಕಣ್ಣಿನ ಕೆಂಪು ಇಳಿಯಿತು, ಎಲ್ಲರಿಗೂ ಸಮಾಧಾನವಾಯಿತು. ಸ್ಟೀರಾಯ್ಡ್ ನಮ್ಮ ರೋಗ ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ. ಕೆಂಪು ಇಳಿದದ್ದು ಅದರಿಂದ. ಫಂಗಸ್ ಆರಾಮಾಗಿ ಬೆಳೆದದ್ದೂ ಅದರಿಂದಲೇ. ಚೀಟಿಯಿಲ್ಲದೆ ಇಂಥ ಡ್ರಾಪ್ಸ್ ಕೊಡುವುದು ನಿಲ್ಲಲೇಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಮೈಸೂರಿನ ಆಸ್ಪತ್ರೆಯಲ್ಲಿ ಕಾರ್ನಿಯಾದ ಮೇಲೆ ಎದ್ದಿದ್ದ ಹುಣ್ಣನ್ನು ಚೂರು ಕೆರೆದು ಪರೀಕ್ಷೆ ಮಾಡಿದಾಗ ಫಂಗಸ್ ಎಂದು ಗೊತ್ತಾಯಿತು. ನಾಟಮೈಸಿನ್ ಡ್ರಾಪ್ಸ್ ಶುರು ಮಾಡಿದರು. ಹಗಲು ರಾತ್ರಿ ಎನ್ನದೆ ಗಂಟೆಗೊಂದು ಹನಿ. ಅಕ್ಕ ಅಲಾರಂ ಇಟ್ಟುಕೊಂಡು ಎದ್ದು ಹಾಕುತ್ತಿದ್ದಳು. ಇದು ಹಳೆಯ ಔಷಧಿ. ಇದಕ್ಕಿಂತ ಹೊಸದಾದ ವೊರಿಕೊನಜೋಲ್ ಜೊತೆ ಹೋಲಿಸಿ ಮದುರೈ ಮೊದಲಾದ ಕಡೆಯ ಅರವಿಂದ್ ಕಣ್ಣಿನ ಆಸ್ಪತ್ರೆಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆದಿತ್ತು. 2013ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಮೇಲುಗೈ ಆದದ್ದು ನಾಟಮೈಸಿನ್ನೇ. ಅದರಲ್ಲೂ ಫ್ಯುಸೇರಿಯಂ ಸೋಂಕಿಗೆ.

ಹುಣ್ಣು ಒಣಗಿತು. ಆದರೆ ಕಣ್ಣಿಗೆ ಹೂವು ಬಿತ್ತು. ಬಿಳಿ ಕಲೆ ಸರಿಯಾಗಿ ನಡುವೆಯೇ ನಿಂತಿತು. ಕಣ್ಣು ಪೂರ್ತಿ ಶಾಂತವಾಗಲಿ ಎಂದು ತಿಂಗಳುಗಟ್ಟಲೆ ಕಾದು, ದಾನವಾಗಿ ಬಂದ ಕಾರ್ನಿಯಾ ಕೂರಿಸಿದರು.

ಈ ಆಪರೇಷನ್ ಮೊದಲ ಸಲ ಗೆದ್ದದ್ದು 1905ರ ಡಿಸೆಂಬರ್ 7ರಂದು. ಇಂದಿನ ಚೆಕ್ ದೇಶದ ಒಲೊಮೌಟ್ಸ್‌ನಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಮಾಡಿದ್ದು. ಆ ರೋಗಿಯ ಕಣ್ಣು ಸುಟ್ಟದ್ದು ಸುಣ್ಣದಿಂದ. ನಮ್ಮಲ್ಲೂ ತೋಟಕ್ಕೆ ಸುಣ್ಣ ಚೆಲ್ಲುತ್ತೇವೆ, ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಅರಳಿಸುತ್ತೇವೆ, ಅಲ್ವಾ? ಕಣ್ಣಿಗೆ ಸುಣ್ಣ ಬಿದ್ದರೆ ಅಲ್ಲೇ ಇರುವ ಶುದ್ಧ ನೀರಿನಲ್ಲಿ ಕಡಿಮೆ ಎಂದರೂ ಅರ್ಧ ಗಂಟೆ ತೊಳೆಯುತ್ತಿರಬೇಕು. ಆಸ್ಪತ್ರೆಗೆ ಓಡುವುದು ಅದಾದ ಮೇಲೆ.

1905ರಲ್ಲಿ ಇದ್ದ ಸೌಲಭ್ಯದಲ್ಲಿ ಇನ್ನೊಬ್ಬರ ಅಂಗ ಹೇಗೆ ಹೊಂದಿಕೊಂಡಿತು? ಇಲ್ಲಿ ರಕ್ತವಿಲ್ಲದಿರುವುದೇ ವರವಾಯಿತು. ಹೊರಗಿನ ಅಂಗವನ್ನು ಗುರುತಿಸಿ ಹೊಡೆಯುವ ಕಣಗಳಿಗೆ ಕಾರ್ನಿಯಾದೊಳಗೆ ಸುಲಭದ ದಾರಿಯಿಲ್ಲ. ಕಿಡ್ನಿ ಕಸಿಗೆ ಮಾಡುವಂತೆ ರಕ್ತದ ಗುಂಪು ಹೊಂದಿಸುವುದು ಇಲ್ಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಪೊರೆ ಆಪರೇಷನ್ ಆದವರು, ಕನ್ನಡಕದವರು, ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಎಲ್ಲರೂ ದಾನ ಮಾಡಬಹುದು. ತೀರಿಕೊಂಡ 6 ಗಂಟೆಯೊಳಗೆ ತೆಗೆದುಕೊಂಡರೆ ಒಳ್ಳೆಯದು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿರಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಎರಡೂ ಕಾರ್ನಿಯಾಗಳನ್ನು ಮುಂಪದರ, ಹಿಂಪದರ ಎಂದು ಬೇರೆ ಮಾಡಿದರು. ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಯಾರಿಗೆ ಯಾವ ಪದರ ಹಾಳಾಗಿದೆಯೋ ಅಷ್ಟನ್ನೇ ಬದಲಿಸುವ ವಿದ್ಯೆ ಇದು. ಭಾವನ ಕಲೆ ಆಳವಾಗಿದ್ದರಿಂದ ಪೂರ್ತಿ ದಪ್ಪವೇ ಬೇಕಾಯಿತು.

ಆಪರೇಷನ್ ಮುಗಿದರೆ ಎಲ್ಲಾ ಮುಗಿಯಿತು ಅಂತ ನಾವು ತಿಳಿದಿದ್ದೆವು. ಕಷ್ಟದ ಕೆಲಸ ಶುರುವಾದದ್ದೇ ಆಮೇಲೆ. ಕೂದಲಿಗಿಂತ ತೆಳ್ಳಗಿನ ನೈಲಾನ್ ದಾರದ 16 ಹೊಲಿಗೆ. ರಕ್ತವಿಲ್ಲದ ಜಾಗ ಕೂಡುವುದು ಬಲು ನಿಧಾನ. ಅದಕ್ಕೇ ಹೊಲಿಗೆಗಳನ್ನು ಒಂದು, ಒಂದೂವರೆ ವರ್ಷದ ತನಕ ಹಾಗೇ ಬಿಡುತ್ತಾರೆ, ಒಂದೊಂದಾಗಿ ತೆಗೆಯುತ್ತಾರೆ. ಹೊಲಿಗೆಯ ಎಳೆತಕ್ಕೆ ಕಾರ್ನಿಯಾ ಸೊಟ್ಟಗಾಗುತ್ತದೆ. ಹಾಗಾಗಿ ದೃಷ್ಟಿ ಒಂದು ತಿಂಗಳು ಚೆನ್ನ, ಇನ್ನೊಂದು ತಿಂಗಳು ಮಂಜು. ಕನ್ನಡಕದ ನಂಬರ್ ನಿಲ್ಲುವುದೇ ಇಲ್ಲ. ಭಾವ ಬಹಳ ಕುಗ್ಗಿದ್ದು ಆಗ. ಹೀಗಾಗುವುದು ಸಹಜ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದರು.

ಇನ್ನೂ ಒಂದಿದೆ. ಕಾರ್ನಿಯಾದಲ್ಲಿ ನರಗಳು ತುಂಬ ದಟ್ಟ. ಒಂದು ಧೂಳಿನ ಕಣ ಬಿದ್ದರೂ ನಾವು ಒದ್ದಾಡುವುದು ಅದರಿಂದ. ಕಸಿ ಮಾಡುವಾಗ ಆ ನರಗಳೆಲ್ಲ ತುಂಡಾಗುತ್ತವೆ. ಮತ್ತೆ ಬೆಳೆಯಲು ವರ್ಷಗಳೇ ಬೇಕು. ಅಂದರೆ ಹೊಸ ಕಾರ್ನಿಯಾಕ್ಕೆ ನೋವು ಸರಿಯಾಗಿ ಗೊತ್ತಾಗುವುದಿಲ್ಲ. ಕಸ ಬಿದ್ದರೂ, ಹೊಲಿಗೆ ಸಡಿಲವಾದರೂ ತಿಳಿಯದೇ ಹೋಗಬಹುದು. ಹಾಗಾಗಿ ಹೊರಗೆ ಹೋಗುವಾಗ ಕನ್ನಡಕ, ಮಲಗುವಾಗ ಕಣ್ಣಿಗೆ ಪ್ಲಾಸ್ಟಿಕ್ ಕವಚ. ಸೌದೆ ಒಲೆಯ ಹೊಗೆಯಿಂದ ದೂರ. ಕಾಫಿ ಚೀಲ ಎತ್ತುವಂತಿಲ್ಲ. ಆಟಿ ತಿಂಗಳ ಕೆಸರುಗದ್ದೆ ಓಟ, ಬೇಸಿಗೆಯ ಹಾಕಿ, ಎರಡನ್ನೂ ದಡದಲ್ಲಿ ನಿಂತೇ ನೋಡಬೇಕು. ಕೂಡಿದ ಅಂಚು ಹಿಂದಿನಷ್ಟು ಗಟ್ಟಿ ಎಂದೂ ಆಗುವುದಿಲ್ಲ. ವರ್ಷಗಳ ನಂತರ ಬಿದ್ದ ಪೆಟ್ಟಿಗೂ ಅದು ಬಿಚ್ಚಿಕೊಳ್ಳಬಹುದು.

ಮೊದಲು ಬೇಡವೆಂದಿದ್ದ ಸ್ಟೀರಾಯ್ಡ್ ಈಗ ಬೇಕೇ ಬೇಕು. ಕಾರ್ನಿಯಾದ ಹಿಂಬದಿಯಲ್ಲಿ ಒಂದೇ ಸಾಲು ಕೋಶಗಳಿವೆ. ಅವು ಒಳಗೆ ಇಳಿಯುವ ನೀರನ್ನು ಹೊರಹಾಕಿ ಕಾರ್ನಿಯಾವನ್ನು ತಿಳಿಯಾಗಿಡುತ್ತವೆ. ಸತ್ತರೆ ಹೊಸದು ಹುಟ್ಟುವುದಿಲ್ಲ. ದೇಹ ಈ ಕೋಶಗಳ ಮೇಲೆ ಬೀಳದಂತೆ ತಡೆಯುವುದೇ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಹನಿಯ ಕೆಲಸ. ಹಳೆಯ ಹುಣ್ಣಿನಿಂದಾಗಿ ಭಾವನ ಕಾರ್ನಿಯಾದ ಅಂಚಿಗೆ ರಕ್ತನಾಳಗಳು ಹಬ್ಬಿದ್ದವು. ಇಂಥ ಕಣ್ಣಿನಲ್ಲಿ ದೇಹ ಹೊಸ ಕಾರ್ನಿಯಾವನ್ನು ತಿರಸ್ಕರಿಸುವ ಅಪಾಯ ಜಾಸ್ತಿ. ಬಾಟಲಿ ಚೆನ್ನಾಗಿ ಅಲುಗಿಸಿ ಹಾಕಬೇಕು, ಎರಡು ಔಷಧಿಗಳ ನಡುವೆ 5 ನಿಮಿಷವಾದರೂ ಬಿಡಬೇಕು. ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ಏರಬಹುದು. ಅದನ್ನೂ ಆಗಾಗ ಅಳೆಸಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವ ಊರು ನಮ್ಮದು. ಮುಂಗಾರಿಗೆ ಮೊದಲೇ ಅಕ್ಕ ಒಂದು ಬಾಟಲಿ ಜಾಸ್ತಿ ತರಿಸಿಟ್ಟಿರುತ್ತಾಳೆ.

ಕಣ್ಣು ಕೆಂಪಾಗುವುದು, ಬೆಳಕು ಚುಚ್ಚುವುದು, ಮಂಜಾಗುವುದು, ನೋವು. ಈ ನಾಲ್ಕರಲ್ಲಿ ಯಾವುದು ಕಂಡರೂ ಅವತ್ತೇ ವೈದ್ಯರ ಹತ್ತಿರ ಹೋಗಬೇಕು. ಬೇಗ ಹಿಡಿದರೆ ತಿರಸ್ಕಾರವನ್ನು ಔಷಧಿಯಿಂದಲೇ ಹಿಮ್ಮೆಟ್ಟಿಸಬಹುದು. ವರ್ಷಗಳಾದ ಮೇಲೂ ಇದು ಬರಬಹುದು. ಭಾವ ದಿನಾ ಬೆಳಿಗ್ಗೆ ಚೆನ್ನಾಗಿರುವ ಕಣ್ಣನ್ನು ಅಂಗೈಯಿಂದ ಮುಚ್ಚಿ, ಆಪರೇಷನ್ ಆದ ಕಣ್ಣಿನಿಂದ ಗೋಡೆಯ ಕ್ಯಾಲೆಂಡರಿನ ತಾರೀಕು ಓದುತ್ತಾರೆ. ನಿನ್ನೆ ಕಂಡ ಅಂಕಿ ಇವತ್ತು ಮಂಜಾದರೆ ತೋಟದ ಕೆಲಸ ಹೇಗೇ ಇರಲಿ, ಮೈಸೂರು ಬಸ್ ಹತ್ತುತ್ತಾರೆ.