ಕಪ್ಪೆಯ ಚರ್ಮದೊಳಗಿನ ಕಾಣದ ಕಾಯಿಲೆ
ಮಳೆ ಹಿಡಿದ ಮೇಲೆ ವಾಸ್ಕೋದಿಂದ ಬೆಳಗಾವಿಯ ಕಡೆ ಹೊರಟ ನಮ್ಮಂಥ ಕನ್ನಡಿಗರು ಚೋರ್ಲಾ ಘಾಟಿಯಲ್ಲಿ ಕಿಟಕಿ ಇಳಿಸಿದರೆ ಕಪ್ಪೆಗಳ ವಟಗುಟ್ಟುವಿಕೆ ಕಿವಿ ತುಂಬುತ್ತದೆ. ಗೋವಾದಲ್ಲಿ ಕಪ್ಪೆಯ ಮಾತು ಬಂದರೆ ಚರ್ಚೆ ಸಾಮಾನ್ಯವಾಗಿ 'ಜಂಪಿಂಗ್ ಚಿಕನ್' ಹೆಸರಿನಲ್ಲಿ ಮಾಂಸಕ್ಕಾಗಿ ನಡೆಯುವ ಗೋಂಕರು ಕಪ್ಪೆಗಳ ಬೇಟೆಯ ಸುತ್ತಲೇ ಸುತ್ತುತ್ತದೆ. ಆ ಬೇಟೆ ನಿಲ್ಲಲೇಬೇಕು, ಸಂಶಯವಿಲ್ಲ. ಆದರೆ ಜಗತ್ತಿನಲ್ಲಿ ಕಪ್ಪೆಗಳ ಸಂತತಿಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ಅಳಿಸಿರುವ ರೋಗದ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ, ಮರ ಕಡಿಯದ ಜಾಗಗಳಲ್ಲೂ, ಕಪ್ಪೆಗಳು ಕಾಣೆಯಾಗತೊಡಗಿದವು. ಕೋಸ್ಟರೀಕಾದ ಬಂಗಾರದ ಬಣ್ಣದ ನೆಲಗಪ್ಪೆ ಕೊನೆಯದಾಗಿ ಕಂಡದ್ದು 1989ರಲ್ಲಿ. ಸಾವಿಗೆ ಕಾರಣವಾದ ಕೈಟ್ರಿಡ್ ಎಂಬ ಪರಾವಲಂಬಿ ಶಿಲೀಂಧ್ರವನ್ನು ವಿಜ್ಞಾನಿಗಳು ಗುರುತಿಸಿದ್ದು 1998ರಲ್ಲಿ, ಅದಕ್ಕೆ ಹೆಸರಿಟ್ಟದ್ದು ಮರುವರ್ಷ. ನೀರಿನಲ್ಲಿ ಬಾಲ ಬಡಿಯುತ್ತ ಈಜಿಬರುವ ಇದರ ಬೀಜಕಗಳು ಕಪ್ಪೆಯ ಚರ್ಮವನ್ನು ಹೊಕ್ಕು ಬೆಳೆಯುತ್ತವೆ. ನೀರನ್ನೂ ಲವಣಗಳನ್ನೂ ಚರ್ಮದಿಂದಲೇ ಹೀರುವ ಪ್ರಾಣಿಗೆ ಆ ದಾರಿ ಕೆಟ್ಟರೆ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿದು ಕೊನೆಗೆ ಹೃದಯವೇ ನಿಲ್ಲುತ್ತದೆ. ಗೊದಮೊಟ್ಟೆಯಲ್ಲಿ ಸೋಂಕು ಬಾಯಿಯ ಭಾಗಕ್ಕಷ್ಟೇ ತಗಲುವುದರಿಂದ ಅದು ಸಾಯದೆ ರೋಗವನ್ನು ಹೊತ್ತು ತಿರುಗುತ್ತದೆ. 2019ರ ಜಾಗತಿಕ ಅಂದಾಜಿನಂತೆ ಇದರಿಂದ 501 ಉಭಯವಾಸಿ ಪ್ರಭೇದಗಳು ಕುಸಿದಿವೆ, ಅವುಗಳಲ್ಲಿ 90 ಅಳಿದುಹೋಗಿರಬಹುದು.

ಪರಾವಲಂಬಿ ಇದೊಂದೇ ಅಲ್ಲ. ಅಮೆರಿಕದಲ್ಲಿ ಹೆಚ್ಚು ಕಾಲು ಮೂಡಿದ, ಕಾಲೇ ಇಲ್ಲದ ಕಪ್ಪೆಗಳಿಗೆ ಒಂದು ಚಪ್ಪಟೆ ಹುಳು ಕಾರಣವಾಗಬಲ್ಲದೆಂದು 1999ರಲ್ಲಿ ಪ್ರಯೋಗದಿಂದ ತಿಳಿಯಿತು. ಗೊಬ್ಬರ ಸೇರಿದ ನೀರಿನಲ್ಲಿ ಪಾಚಿ, ಪಾಚಿಯಿಂದ ಬಸವನಹುಳು, ಬಸವನಹುಳುವಿನಿಂದ ಆ ಹುಳು ಹೆಚ್ಚುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಸ್ಪೇನಿನ ಮಯೋರ್ಕಾ ದ್ವೀಪದ ಕಥೆ. ಅಳಿವಿನಂಚಿನ ಒಂದು ಪುಟ್ಟ ಕಪ್ಪೆಯನ್ನು ಉಳಿಸಲೆಂದು ಸೆರೆಯಲ್ಲಿ ಸಾಕಿ ತೊರೆಗಳಿಗೆ ಬಿಟ್ಟರು. ಅದರ ಜೊತೆಗೆ, ಸೆರೆಯಲ್ಲಿದ್ದಾಗ ಆಫ್ರಿಕಾದ ಕಪ್ಪೆಗಳಿಂದ ತಗಲಿದ್ದ ಕೈಟ್ರಿಡ್ ಶಿಲೀಂಧ್ರವೂ ದ್ವೀಪ ಸೇರಿತು. ಉಳಿಸುವ ಕೈಯೇ ರೋಗವನ್ನು ಹೊತ್ತು ತಂದಿತ್ತು. ಕೊನೆಗೆ ಗೊದಮೊಟ್ಟೆಗಳನ್ನೆಲ್ಲ ಹಿಡಿದು ಔಷಧಿಯಲ್ಲಿ ಅದ್ದಿ, ಹೊಂಡಗಳನ್ನು ಬರಿದು ಮಾಡಿ, ಬಂಡೆಗಳನ್ನು ಸೋಂಕುನಿವಾರಕದಿಂದ ತೊಳೆದು ರೋಗವನ್ನು ಓಡಿಸಲಾಯಿತು ಎಂದು 2015ರಲ್ಲಿ ವರದಿಯಾಯಿತು. ಕೆಲವೇ ಹೊಂಡಗಳಿದ್ದಲ್ಲಿ ಅದು ಸಾಧ್ಯವಾಯಿತು. ಪಶ್ಚಿಮ ಘಟ್ಟದ ಸಾವಿರಾರು ತೊರೆಗಳಲ್ಲಿ ಅದನ್ನು ಊಹಿಸಲೂ ಆಗದು.

ಭಾರತದಲ್ಲಿ ಈ ಶಿಲೀಂಧ್ರದ ಮೊದಲ ವರದಿ ಬಂದದ್ದು 2011ರಲ್ಲಿ. 2013ರಲ್ಲಿ, ಪುಣೆಯ ಸಂಶೋಧಕರೂ ಇದ್ದ ತಂಡವೊಂದು ಉತ್ತರ ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಏಷ್ಯಾದ್ದೇ ಆದ ತಳಿಯನ್ನು ಕಂಡಿತು. ಬೇರೆಡೆ ಕಂಡಂಥ ಸಾಮೂಹಿಕ ಸಾವು ಇಲ್ಲಿ ದಾಖಲಾಗಿಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ, ಏಕೆಂದರೆ ಸಾಕುಪ್ರಾಣಿಗಳ ವ್ಯಾಪಾರದಲ್ಲಿ ದೇಶದಿಂದ ದೇಶಕ್ಕೆ ಸಾಗುವ ಉಭಯವಾಸಿಗಳ ಜೊತೆ ಹೊಸ, ಉಗ್ರ ತಳಿಯೊಂದು ಬಂದಿಳಿಯಬಹುದು.

ಕಪ್ಪೆಗೆ ಈ ಸೋಂಕು ತಗಲಿದೆಯೇ ಎಂದು ತಿಳಿಯುವ ಪರೀಕ್ಷೆಗೆ ಮಾದರಿ ತೆಗೆಯುವ ಕ್ರಮ ಸರಳ. ಪ್ರತಿ ಕಪ್ಪೆಗೂ ಹೊಸ ಕೈಗವಸು ತೊಟ್ಟು, ಹತ್ತಿ ಸುತ್ತಿದ ಕಡ್ಡಿಯಿಂದ ಅದರ ಹೊಟ್ಟೆ, ತೊಡೆ, ಬೆರಳ ಸಂದುಗಳನ್ನು ಮೆಲ್ಲನೆ ಒರೆಸಿ, ಹಿಡಿದ ಜಾಗದಲ್ಲೇ ಬಿಡುತ್ತಾರೆ. ಒಣಗಿದರೆ ಈ ಶಿಲೀಂಧ್ರ ಬದುಕದು. ಆದ್ದರಿಂದ ಮೊಲ್ಲೆಮ್‌ನ ತೊರೆಯಲ್ಲಿ ನಡೆದ ಬೂಟನ್ನು ಚೋರ್ಲಾದ ಹೊಂಡಕ್ಕೆ ಇಳಿಸುವ ಮೊದಲು ಕೆಸರು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು.