ಒಗ್ಗಿದವರ ಉಳಿವು

ಟೈಲರ್ ಅಂಗಡಿಯಲ್ಲಿ 'ಪ್ಯಾಂಟ್ ಫಿಟ್ ಆಯ್ತಾ?' ಅಂತ ಕೇಳುತ್ತಾರೆ. ಜಿಮ್‌ನಲ್ಲಿ 'ಒಳ್ಳೇ ಫಿಟ್ ಆಗಿದ್ದೀರಲ್ಲ!' ಅಂತಾರೆ. ಪದ ಒಂದೇ, ಅರ್ಥ ಎರಡು. ಜೀವವಿಕಾಸದ ಬಗ್ಗೆ ಹೇಳುವಾಗ ಬರುವ 'ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್' ಅನ್ನುವ ಮಾತಿನಲ್ಲಿರುವುದು ಟೈಲರ್ ಅಂಗಡಿಯ ಫಿಟ್. ನಮ್ಮ ಕಿವಿಗೆ ಬೀಳುವುದು ಮಾತ್ರ ಜಿಮ್ಮಿನದು.

ಕನ್ನಡದಲ್ಲಿ ಇದನ್ನು ಬಲಿಷ್ಠರ ಉಳಿವು, ಸಮರ್ಥರ ಉಳಿವು ಅಂತೆಲ್ಲ ಬರೆಯುತ್ತೇವೆ. ಓದಿದ ಕೂಡಲೇ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಚಿತ್ರ ಕಣ್ಣಿಗೆ ಬರುತ್ತದೆ. ನನ್ನ ಮಟ್ಟಿಗೆ 'ಒಗ್ಗಿದವರ ಉಳಿವು' ಜಾಸ್ತಿ ಸರಿ. ಹೊಸ ಊರಿಗೆ ಹೋಗಿ ಹೊಟ್ಟೆ ಕೆಟ್ಟಾಗ 'ಇಲ್ಲಿನ ನೀರು ಒಗ್ಗಲಿಲ್ಲ' ಅಂತೀವಲ್ಲ, ಆ ಒಗ್ಗುವಿಕೆ. ಪೈಲ್ವಾನನಿಗೂ ನೀರು ಒಗ್ಗದೆ ಹೋಗಬಹುದು. ಒಂದೇ ವ್ಯತ್ಯಾಸ: ನಾವು ನಾಲ್ಕು ದಿನದಲ್ಲಿ ಒಗ್ಗಿಕೊಳ್ಳುತ್ತೇವೆ, ಜೀವವಿಕಾಸದಲ್ಲಿ ಲೆಕ್ಕ ತಲೆಮಾರುಗಳದ್ದು. ಒಗ್ಗಿದವು ಮರಿ ಹಾಕುತ್ತವೆ, ಒಗ್ಗದವು ಹಾಗೇ ಕಮ್ಮಿಯಾಗುತ್ತಾ ಹೋಗುತ್ತವೆ.

ಅಂದಹಾಗೆ, ಈ ಮಾತು ಡಾರ್ವಿನ್ ಹುಟ್ಟುಹಾಕಿದ್ದಲ್ಲ. 1864ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಬಳಸಿದ್ದು. ಡಾರ್ವಿನ್‌ನಂತೆಯೇ ಜೀವವಿಕಾಸದ ವಿಚಾರಕ್ಕೆ ತಾನೂ ಬಂದಿದ್ದ ವಿಜ್ಞಾನಿ ವಾಲೆಸ್ ಸಲಹೆ ಕೊಟ್ಟ ಮೇಲೆ ಡಾರ್ವಿನ್ ಇದನ್ನು ತನ್ನ 'ಆನ್ ದಿ ಆರಿಜಿನ್ ಆಫ್ ಸ್ಪೀಷೀಸ್' ಪುಸ್ತಕದ ಐದನೇ ಆವೃತ್ತಿಗೆ, ಅಂದರೆ 1869ರಲ್ಲಿ, ಸೇರಿಸಿಕೊಂಡ.

ವಿಜ್ಞಾನ ಕಥೆಗಳಿಗೆ ಇದನ್ನು ಗಟ್ಟಿಯಾಗಿ ತಂದವರಲ್ಲಿ ಮೊದಲಿಗೆ ನೆನಪಾಗುವ ಹೆಸರು ಎಚ್.ಜಿ. ವೆಲ್ಸ್. ಡಾರ್ವಿನ್ ಪರವಾಗಿ ಊರೆಲ್ಲ ಜಗಳ ಕಾಯುತ್ತಿದ್ದ ಥಾಮಸ್ ಹಕ್ಸ್‌ಲಿಯ ಹತ್ತಿರ ಲಂಡನ್ನಿನಲ್ಲಿ ಜೀವಶಾಸ್ತ್ರ ಕಲಿತವನು ಈತ. ಹಾಗಾಗಿ ಅವನಿಗೆ ಫಿಟ್ ಅಂದರೆ ಏನು ಅಂತ ಸರಿಯಾಗಿ ಗೊತ್ತಿತ್ತು.

1898ರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ನೋಡಿ. ಮಂಗಳ ಗ್ರಹದವರು ಇಂಗ್ಲೆಂಡಿನ ವೋಕಿಂಗ್ ಹತ್ತಿರದ ಬಯಲಲ್ಲಿ ಬಂದು ಇಳಿಯುತ್ತಾರೆ. ಮೂರು ಕಾಲಿನ ಯಂತ್ರ, ಸುಟ್ಟು ಬೂದಿ ಮಾಡುವ ಕಿರಣ, ಉಸಿರು ಕಟ್ಟಿಸುವ ಕರಿ ಹೊಗೆ. ಫಿರಂಗಿಗಳ ಆಟ ಹೆಚ್ಚು ಹೊತ್ತು ನಡೆಯಲ್ಲ. ಬಲವೇ ಲೆಕ್ಕವಾಗಿದ್ದರೆ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕೊನೆಗೆ ಕಥೆ ಹೇಳುವವನು ಖಾಲಿ ಲಂಡನ್ನಿನಲ್ಲಿ ನಡೆದು ಬರುವಾಗ, ಕೊಳೆತ ಕೆಂಪು ಮಾಂಸದ ತುಂಡು ಕಚ್ಚಿಕೊಂಡ ನಾಯಿಯೊಂದು ಎದುರಿಗೆ ಓಡಿ ಬರುತ್ತದೆ. ಅದರ ಹಿಂದೆ ಹಸಿದ ನಾಯಿಗಳ ಹಿಂಡು. ಪ್ರಿಮ್‌ರೋಸ್ ಗುಡ್ಡದ ಮೇಲೆ ಹತ್ತಿ ನೋಡಿದರೆ ಮಂಗಳದವರೆಲ್ಲ ಸತ್ತು ಬಿದ್ದಿದ್ದಾರೆ. ಕೊಂದಿದ್ದು ಬ್ಯಾಕ್ಟೀರಿಯ.

ಇದನ್ನು 'ಲೇಖಕನಿಗೆ ದಾರಿ ಕಾಣದೆ ಸುಮ್ನೆ ಮುಗಿಸಿಬಿಟ್ಟ' ಅಂತ ಬೈಯುವವರಿದ್ದಾರೆ. ನಾನು ಒಪ್ಪಲ್ಲ. ಮಂಗಳದಲ್ಲಿ ಬ್ಯಾಕ್ಟೀರಿಯ ಇಲ್ಲ ಅಂತ ವೆಲ್ಸ್ ಮೊದಲೇ ಹೇಳಿರುತ್ತಾನೆ. ಅವರ ಜೊತೆ ಬಂದು ಹೊಳೆ, ತೋಟಗಳನ್ನೆಲ್ಲ ಮುಚ್ಚಿದ್ದ ಕೆಂಪು ಕಳೆಯೂ ಹಾಗೆಯೇ ಕೊಳೆತು ಹೋಗುತ್ತದೆ. ಇಲ್ಲಿನ ಗಿಡಗಳು, ಇಲ್ಲಿನ ಮನುಷ್ಯರು ಎಷ್ಟೋ ಸಾವು ಕಂಡು ಈ ರೋಗಾಣುಗಳಿಗೆ ಒಗ್ಗಿದ್ದಾರೆ. ಅತಿಥಿಗಳು ಒಗ್ಗಿರಲಿಲ್ಲ. ಇಡೀ ಸೈನ್ಯಕ್ಕೆ ಊರಿನ ನೀರು ಹಿಡಿಸಲಿಲ್ಲ ಅಂದುಕೊಳ್ಳಿ, ಅಷ್ಟೇ.

ಇದೇ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಆತ ಟ್ಯಾಸ್ಮೇನಿಯದ ಮೂಲನಿವಾಸಿಗಳನ್ನು ಯುರೋಪಿನವರು ಐವತ್ತು ವರ್ಷದಲ್ಲಿ ಅಳಿಸಿಹಾಕಿದ್ದನ್ನು ಎತ್ತಿ, ಹಾಗಿದ್ದ ಮೇಲೆ ಮಂಗಳದವರನ್ನು ಯಾವ ಬಾಯಿಂದ ದೂರುತ್ತೀರಿ ಅಂತ ತನ್ನವರನ್ನೇ ಕೇಳುತ್ತಾನೆ. (ಆ ಜನರು ಪೂರ್ತಿ ಅಳಿಯಲಿಲ್ಲ. ಅವರ ಸಂತತಿ ಇಂದಿಗೂ ಇದೆ.) 'ಬಲಿಷ್ಠರೇ ಉಳಿಯುವುದು ಪ್ರಕೃತಿ ನಿಯಮ' ಅಂತ ಸಾಮ್ರಾಜ್ಯ ಕಟ್ಟಿದವರು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಅದಕ್ಕೇ ಈ ಪ್ರಶ್ನೆ ಚುರುಕ್ ಅನ್ನುತ್ತದೆ.

ಅದಕ್ಕೂ ಮೂರು ವರ್ಷ ಮುಂಚೆ, 1895ರ 'ದಿ ಟೈಮ್ ಮೆಷಿನ್'ನಲ್ಲಿ ಇನ್ನೊಂದು ತಿರುವು ಇದೆ. ಇಸವಿ 802701. ಮೇಲೆ ಬಿಸಿಲಲ್ಲಿ ಹಣ್ಣು ತಿಂದುಕೊಂಡು ಆಡುವ ಪುಟ್ಟ ಎಲೋಯ್‌ಗಳು, ನೆಲದಡಿ ಯಂತ್ರ ನಡೆಸುವ ಬಿಳಿಚಿದ ಮಾರ್ಲಾಕ್‌ಗಳು. ಹಳೇ ಧಣಿಗಳ ವಂಶ ಒಂದು, ಕೂಲಿಗಳ ವಂಶ ಇನ್ನೊಂದು. ವೀನಾ ಎಂಬ ಎಲೋಯ್ ಹುಡುಗಿ ನೀರಲ್ಲಿ ಮುಳುಗುತ್ತಾ ಕೂಗಿಕೊಂಡರೂ ಅವಳ ಕಡೆಯವರು ಯಾರೂ ಕೈ ನೀಡಲ್ಲ. ಕಷ್ಟವೇ ಇಲ್ಲದ ಬದುಕಿಗೆ ಒಗ್ಗಿದರೆ ಬುದ್ಧಿ, ಶಕ್ತಿ, ಮರುಕ ಯಾವುದೂ ಬೇಕಿಲ್ಲ. ಒಗ್ಗುವುದು ಅಂದರೆ ಮೇಲೇರುವುದೇ ಆಗಬೇಕಿಲ್ಲ, ಅಲ್ವಾ?

ಮುಂದೆ ಬಂದ ಎಷ್ಟೋ ಕಥೆಗಳು ಮತ್ತೆ ಜಿಮ್ಮಿನ ಅರ್ಥಕ್ಕೇ ಜಾರಿದವು: ಗಟ್ಟಿಗ ಬದುಕುತ್ತಾನೆ, ಮೆತ್ತಗಿದ್ದವನು ಸಾಯುತ್ತಾನೆ. 1954ರ 'ದಿ ಕೋಲ್ಡ್ ಈಕ್ವೇಷನ್ಸ್' ಆ ಜಾಡಿನ ಹೆಸರಾಂತ ಸಣ್ಣಕಥೆ, ಬರೆದವನು ಟಾಮ್ ಗಾಡ್ವಿನ್. ಜ್ವರ ಬಂದವರಿಗೆ ಔಷಧಿ ಒಯ್ಯುವ ಪುಟ್ಟ ನೌಕೆ. ಇಂಧನ ಒಬ್ಬ ಪೈಲಟ್‌ಗೆ ಆಗುವಷ್ಟೇ. ಅಣ್ಣನನ್ನು ನೋಡುವ ಆಸೆಗೆ ಹದಿನೆಂಟರ ಹುಡುಗಿಯೊಬ್ಬಳು ಕದ್ದು ಹತ್ತಿರುತ್ತಾಳೆ. ತೂಕ ಜಾಸ್ತಿಯಾಯಿತು, ಅವಳು ಹೊರಗೆ ಹೋಗಲೇಬೇಕು, ಪ್ರಕೃತಿಯ ಲೆಕ್ಕಕ್ಕೆ ಕರುಣೆ ಇಲ್ಲ ಅನ್ನುತ್ತದೆ ಕಥೆ. ಓದುವಾಗ ಗಂಟಲು ಕಟ್ಟುತ್ತದೆ ನಿಜ. ಆದರೆ ಪುಸ್ತಕ ಮಡಚಿ ಕಾಫಿ ಕುಡಿಯುವಾಗ ಬೇರೆಯೇ ಯೋಚನೆ ಬರುತ್ತದೆ. ಒಂದು ಹನಿ ಇಂಧನ ಹೆಚ್ಚಿಗೆ ಹಾಕದೆ ನೌಕೆ ಬಿಟ್ಟವರು ಯಾರು? ಹೊರಡುವ ಮುಂಚೆ ಒಳಗೆ ಒಮ್ಮೆ ಇಣುಕಿ ನೋಡಬಾರದಿತ್ತಾ? ಒಳಗೆ ಬರಬೇಡಿ ಅಂತ ಬೋರ್ಡ್ ಹಾಕಿದ್ದರಂತೆ. ಅವಳು ಅದನ್ನು ಓದಿಯೂ ಇದ್ದಳು. ಒಳಗೆ ಹೋದರೆ ಸಾಯುತ್ತೀರಿ ಅಂತ ಮಾತ್ರ ಅದರಲ್ಲಿ ಬರೆದಿರಲಿಲ್ಲ.